ಎಕ್‌ಹಾರ್ಟ್ ವಿಮಾನದ ಪ್ಯಾರಾಚೂಟ್

ನನ್ನ ಒಂದು ರುಜುವಿನ ಬಗ್ಗೆ ನನಗೇ ಭಯ. ಅದನ್ನು ಡೈರಿಗೂ ಪೂರ್ತಿ ಹೇಳಿಕೊಂಡಿರಲಿಲ್ಲ. ೧೯೪೫ರ ಮಾರ್ಚ್. ನಮ್ಮ ಜರ್ಮನ್ ಜೆಟ್ ಬಾಂಬರುಗಳು ಇಳಿಯುವ ರಭಸಕ್ಕೆ, ಬಾಲದಿಂದ ಪ್ಯಾರಾಚೂಟ್ ಬಿಚ್ಚಿಕೊಂಡರೆ ಮಾತ್ರ ನಿಲ್ಲುತ್ತಿದ್ದವು. ಅದನ್ನು ಮಡಿಚಿ, ವಿಮಾನದೊಳಗೆ ತುಂಬಿಸಿ, ತುಂಬಿಸಿದ್ದೇನೆಂಬ ಚೀಟಿಗೆ ರುಜು ಹಾಕುವುದು ನನ್ನ ಕೆಲಸ.

ರೈನ್ ಸೇತುವೆಗೆ ಬಾಂಬು ಹಾಕಿ ಮರಳಿದ ಪೈಲಟ್ ಎಕ್‌ಹಾರ್ಟ್‌ನ ವಿಮಾನ ಇಳಿದ ಮೇಲೆ ನಿಲ್ಲದೆ ಓಡಿ, ಆತನ ಸಮೇತ ಪಕ್ಕದ ಕೆರೆಯಲ್ಲಿ ಮುಳುಗಿತು. ಮರುದಿನದಿಂದ ದಿನಾ ಬೆಳಿಗ್ಗೆ ನನ್ನ ಮೇಜಿನ ಮೇಲೆ ಒಂದು ಪ್ಯಾರಾಚೂಟ್ ತೊಪ್ಪೆಯಾಗಿ, ಪಾಚಿ ಮೆತ್ತಿಕೊಂಡು ಬಿದ್ದಿರುತ್ತಿತ್ತು. ಆ ಚಳಿಯಲ್ಲೂ ಹಿಂಡಿದ ನೀರು ಬೆಚ್ಚಗಿರುತ್ತಿತ್ತು. ಒಣಗಿಸಿ, ಮಡಿಚಿ, ಬೀರುವಿನಲ್ಲಿಟ್ಟು ಬೀಗ ಹಾಕಿದರೂ ಮತ್ತೆ ಅದೇ ಗೋಳು. ನಾಲ್ಕು ದಿನಕ್ಕೆ ಸಾಕುಸಾಕಾಗಿತ್ತು.

ಐದನೇ ಬೆಳಿಗ್ಗೆ ಮೇಸ್ತ್ರಿ ಹಾಲ್‌ಗ್ರೇಬೆ ಸಿಡಿದರು.

"ಏನಮ್ಮಾ, ಯೂನಿವರ್ಸಿಟೀಲಿ ಬಟ್ಟೆ ಒಣಗಿಸೋದು ಕಲಿಸ್ಲಿಲ್ವಾ? ಎಕ್‌ಹಾರ್ಟ್ ವಿಮಾನದ ನಂಬರ್ ಇದೆ ಇದ್ರಲ್ಲಿ. ಕೆರೆಯಿಂದ ಯಾಕೆ ಎಳ್ಕೊಂಡ್ ಬರ್ತೀಯ?"

"ನಾನು ತರ್ತಿಲ್ಲ, ಮೇಸ್ತ್ರಿಗಳೇ."

"ಮತ್ತೆ ತಾನೇ ನಡ್ಕೊಂಡ್ ಬರುತ್ತಾ? ಹಾಳಾಗ್ಲಿ. ಅವ್ನು ಪ್ಯಾರಾಚೂಟ್ ಬಿಚ್ಚೋ ಹಿಡಿ ಎಳೆಯೋದೇ ಮರೆತ ಅಂತ ವರದಿ ಬರ್ದಿದೀನಿ. ರುಜು ಹಾಕು, ಮುಗೀತು."

ಪೆನ್ನು ಹಿಡಿದೆ. ಬಟ್ಟೆಯಿಂದ ನೀರು ಹರಿದು ವರದಿಯ ಅಂಚನ್ನು ತೋಯಿಸಿತು.

"ಅವ್ರು ಎಳ್ದಿರ್ತಾರೆ," ಎಂದೆ. "ಅವತ್ತು ಸೈರನ್ ಗಡಿಬಿಡೀಲಿ ನಾನು ರುಜು ಮಾತ್ರ ಹಾಕ್ದೆ. ಇದು ಆ ವಿಮಾನಕ್ಕೆ ಹೋಗ್ಲೇ ಇಲ್ಲ. ಈ ಬೀರುವಲ್ಲೇ ಇತ್ತು."