ಚೀಟಿ ಎತ್ತಿದಾಗ ಬಂದ ಟ್ರೈನರ್

"ಪರ್ಸನಲ್ ಟ್ರೈನರ್ ಜೊತೆ ಒಂದು ತಿಂಗಳು... ಗೆದ್ದವರು, ಲಾರಿಸ್ಸಾ ಹ್ರಿಂಚುಕ್!"

ಮೈಕಿನಲ್ಲಿ ತನ್ನ ಹೆಸರು ಕೇಳಿದಾಗ ಲಾರಿಸ್ಸಾಳ ಎರಡೂ ಕೈಯಲ್ಲಿ ಬಿಯರ್ ಬಾಟಲಿಗಳ ಪೆಟ್ಟಿಗೆಗಳಿದ್ದವು. ಚರ್ಚಿನ ಹಾಲ್‌ನ ಹಿಂದಿನ ಮೇಜಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗು ಮೇಜಿನಿಂದ ಮೇಜಿಗೆ ಹಬ್ಬಿತು.

ಅದು ಅವಳ ತಂಗಿ ದಾರ್ಕಾಳ ಸೋಶಿಯಲ್. ವಿನಿಪೆಗ್‌ನಲ್ಲಿ ಮದುವೆಗೆ ಮುಂಚೆ ಸೋಶಿಯಲ್ ಆಗಲೇಬೇಕು. ಊರೆಲ್ಲ ಸೇರಿ ಕುಣಿಯುತ್ತದೆ. ಸಾಲಾಗಿಟ್ಟ ಬಹುಮಾನಗಳಲ್ಲಿ ಯಾರಿಗೆ ಯಾವುದು ಬೇಕೋ ಅದರ ಮುಂದಿನ ಚೀಲಕ್ಕೆ ಹೆಸರು ಬರೆದು ಚೀಟಿ ಹಾಕುತ್ತಾರೆ; ಎತ್ತಿದ ಚೀಟಿಯಲ್ಲಿ ಹೆಸರಿದ್ದವರಿಗೆ ಆ ಬಹುಮಾನ. ಬೇಕಾದದ್ದಕ್ಕೇ ಹಾಕುವುದು... ಚುಚ್ಚಿದ್ದು ಅದೇ! ತೆಳ್ಳಗಾಗಬೇಕೆಂದು ಲಾರಿಸ್ಸಾಳೇ ಆಸೆಪಟ್ಟು ಹಾಕಿದಳು ಎಂದು ಇಷ್ಟೂ ಜನ ಅಂದುಕೊಂಡಾಗಿತ್ತು.

ಅವಳು ಚೀಟಿ ಹಾಕಿದ್ದು ಸಾಸೇಜ್ ಬುಟ್ಟಿಗೆ. ಕೈಲಿದ್ದ ಚೀಟಿ ಅಷ್ಟನ್ನೂ ಸಾಸೇಜಿಗೇ.

ಇನ್ಯಾರ ಕೆಲಸ ಇದು? ನಿಶ್ಚಿತಾರ್ಥವಾದ ದಿನದಿಂದ "ಅಕ್ಕಾ, ಒಬ್ಬ ಟ್ರೈನರ್ ಇಟ್ಕೊಳ್ಳೇ" ಎಂದು ಪ್ರಾಣ ತಿನ್ನುತ್ತಿದ್ದವಳು ದಾರ್ಕಾ.

ಅಷ್ಟರಲ್ಲಿ ವೇದಿಕೆಯಿಂದ ಒಬ್ಬ ಇಳಿದು ಬಂದ. ರೆಮಿ, ಆ ಒಂದು ತಿಂಗಳನ್ನು ಬಹುಮಾನವಾಗಿ ಕೊಟ್ಟ ಟ್ರೈನರ್. ಅವಳ ಕೈಯಲ್ಲಿದ್ದ ಪೆಟ್ಟಿಗೆಗಳನ್ನು ನೋಡಿದ, ನೆಲಮಾಳಿಗೆಯ ಮೆಟ್ಟಿಲುಗಳನ್ನು ನೋಡಿದ.

"ಎರಡನ್ನೂ ಹೀಗೇ ಹಿಡ್ಕೊಂಡು ಮೇಲೆ ಹತ್ತಿ ಬಂದ್ರಾ?"

"ಯಾಕೆ, ದಪ್ಪ ಇರೋರಿಗೆ ಕೈ ಇರಲ್ವಾ?"

"ಭಾರ ಅಲ್ವಾ ಅಂತ..."

"ಅಲ್ಲ" ಎಂದು ಅವಳು ಮುಖ ತಿರುಗಿಸಿ ನಡೆದಳು. ಆದರೂ ಒಂದು ಸಂಗತಿ ಅವಳನ್ನು ಕಾಡಿತು. ಇಡೀ ಹಾಲ್‌ನಲ್ಲಿ ನಗದೇ ಇದ್ದವನು ಅವನೊಬ್ಬನೇ.

ಮರುದಿನ ದಾರ್ಕಾ ಆಣೆ ಇಟ್ಟು ಅತ್ತಳು, ತಾನಲ್ಲ ಎಂದಳು. ಲಾರಿಸ್ಸಾ ನಂಬಲಿಲ್ಲ. ಅಕ್ಕ ತಂಗಿಯರ ಮಾತು ನಿಂತುಹೋಯಿತು.

ಇನ್ನು ಜಿಮ್ಮಿಗೆ ಹೋಗುವುದೋ ಬೇಡವೋ? ಹೋಗದಿದ್ದರೆ ನಕ್ಕವರು ಗೆದ್ದ ಹಾಗೆ. ಹೋದರೆ ದಾರ್ಕಾ ಗೆದ್ದ ಹಾಗೆ. ಈ ಹಗ್ಗಜಗ್ಗಾಟದ ನಡುವೆ, ಯಾರಿಗೂ ಹೇಳದೆ ಮುಚ್ಚಿಟ್ಟಿದ್ದ ಡಾಕ್ಟರ ಮಾತು ನೆನಪಾಯಿತು. ರಕ್ತದಲ್ಲಿ ಸಕ್ಕರೆ ಏರುತ್ತಿದೆ, ತೂಕ ಸ್ವಲ್ಪ ಇಳಿಯಲಿ ಎಂದಿದ್ದರು. ಹಾಗಾದರೆ ಇದು ಯಾರ ಸೋಲು ಗೆಲುವೂ ಅಲ್ಲ, ನನ್ನ ಮೈ, ನನ್ನ ತೀರ್ಮಾನ... ಎಂದುಕೊಂಡು ಹೊರಟಳು.

"ಯಾರದೋ ಮದುವೇಲಿ ಚೆಂದ ಕಾಣೋಕೆ ಬಂದಿಲ್ಲ ನಾನು" ಎಂದು ಬಾಗಿಲಲ್ಲೇ ರೆಮಿಗೆ ಹೇಳಿದಳು. "ಸಕ್ಕರೆ ಇಳೀಬೇಕು, ಅಷ್ಟೇ. ಒಂದೇ ಒಂದು ಕುಹಕದ ಮಾತು ಆಡಿದ್ರೂ ಎದ್ದು ಹೋಗ್ತೀನಿ."

"ಸರಿ. ಮೊದ್ಲು ಅದನ್ನ ಎತ್ತಿ ನೋಡೋಣ."

ನೆಲದ ಮೇಲೆ ಕಬ್ಬಿಣದ ಸರಳು, ಎರಡೂ ತುದಿಗೆ ತೂಕದ ಬಿಲ್ಲೆಗಳು. ಲಾರಿಸ್ಸಾ ಬಗ್ಗಿ ಎತ್ತಿದಳು. ರೆಮಿ ಇನ್ನೂ ತೂಕ ಸೇರಿಸಿದ. ಅದನ್ನೂ ಎತ್ತಿದಳು. ಪಕ್ಕದಲ್ಲಿ ಓಡುತ್ತಿದ್ದವರು ನಿಂತು ನೋಡತೊಡಗಿದರು. ವೃದ್ಧಾಶ್ರಮದಲ್ಲಿ ವರ್ಷಗಟ್ಟಲೆ ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ ಮುದುಕರನ್ನು ಎತ್ತಿದ ತೋಳುಗಳವು. ಅದಕ್ಕೆ ಶಕ್ತಿ ಎಂಬ ಹೆಸರಿದೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ.

"ಇಷ್ಟು ಶಕ್ತಿ ಇಟ್ಕೊಂಡು ಯಾಕೆ ತಲೆ ತಗ್ಗಿಸಿ ನಡೀತೀರಿ?" ಎಂದ ರೆಮಿ.

ಆ ದಿನ ಮನೆಗೆ ಹೋಗುವಾಗ ಬಸ್ಸಿನ ಕಿಟಕಿಯಲ್ಲಿ ತನ್ನದೇ ಪ್ರತಿಬಿಂಬ ಕಂಡು ನೆಟ್ಟಗೆ ಕುಳಿತಳು. ಎಷ್ಟೋ ವರ್ಷಗಳ ನಂತರ ತನ್ನ ಬಗ್ಗೆ ತನಗೇ ಹೆಮ್ಮೆಯಾಗಿತ್ತು.

ತಿಂಗಳು ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಕಳೆಯಿತು. ತೂಕ ಇಳಿದದ್ದು ಸ್ವಲ್ಪ, ಸಕ್ಕರೆ ಇಳಿದದ್ದು ಡಾಕ್ಟರೇ ಹುಬ್ಬೇರಿಸುವಷ್ಟು. ಮತ್ತೊಂದು ವಿಷಯ ಮಾತ್ರ ಏರುತ್ತಲೇ ಇತ್ತು... ರೆಮಿ ಹತ್ತಿರ ಬಂದರೆ ಅವಳ ಎದೆಬಡಿತ. ಅದು ವ್ಯಾಯಾಮದ್ದಲ್ಲ ಎಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

ಕೊನೆಯ ದಿನ ಧೈರ್ಯ ಮಾಡಿ ಕೇಳಿದಳು. "ಇನ್ಮೇಲೆ ಸಂಬಳ ಕೊಟ್ಟು ನಿಮ್ಮನ್ನೇ ಇಟ್ಕೋಬೇಕು ಅಂತಿದೀನಿ."

ರೆಮಿಯ ಮುಖ ಬಿಳಿಚಿಕೊಂಡಿತು. "ನನ್ನ ಕೈಲಿ ಆಗಲ್ಲ ಲಾರಿಸ್ಸಾ. ಕೊಲೀನ್ ಇದಾಳೆ, ಒಳ್ಳೆ ಟ್ರೈನರ್. ಅವಳ ಹತ್ರ ಸೇರ್ಕೊಳ್ಳಿ. ಯಾಕೆ ಅಂದ್ರೆ..."

ಯಾಕೆ ಎಂದು ಕೇಳಲು ಅವಳು ನಿಲ್ಲಲಿಲ್ಲ. ಇವನೂ ಅಷ್ಟೇ! ಬಹುಮಾನದ ಋಣ ತೀರಿತು, ದಪ್ಪಗಿನವಳು ದಾರಿ ಬಿಡಲಿ...

ಶನಿವಾರ ಬೆಳಗ್ಗೆ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರೆಲ್ಲ ಸೇರಿ ದಾರ್ಕಾಳ ಮದುವೆಗೆ ಪೆರೋಗಿ ಎಂಬ ಕಡುಬು ಮಾಡುತ್ತಿದ್ದರು. ಹಿಟ್ಟಿನ ಹಾಳೆಯೊಳಗೆ ಆಲೂಗಡ್ಡೆ ತುಂಬಿ ಅಂಚು ಒತ್ತುತ್ತಿದ್ದ ಲಾರಿಸ್ಸಾಳ ಕಣ್ಣು ಕೆಂಪಾಗಿತ್ತು. ಎದುರಿಗೆ ಕುಳಿತ ದಾರ್ಕಾ ಸಮಾಧಾನ ಮಾಡಲು ಬಂದಳು. ಅಷ್ಟೇ ಸಾಕಾಯಿತು.

"ಎಲ್ಲಾ ನಿನ್ನಿಂದ್ಲೇ. ನೀನು ಆ ಚೀಟಿ ಹಾಕದಿದ್ರೆ ಅವನನ್ನ ನಾನು ನೋಡ್ತಾನೇ ಇರ್ಲಿಲ್ಲ."

ಮೇಜಿನ ತುದಿಯಲ್ಲಿದ್ದ ಅವರ ಅಜ್ಜಿ ಸ್ಟೆಫ್ಕಾ ಕೈಯ ಹಿಟ್ಟು ಒರೆಸಿಕೊಂಡಳು. "ಆ ಮಗೂನ ಬೈಬೇಡ ಕಣೇ. ನಿನ್ನ ಹೆಸರು ಬರೆದು ಹಾಕಿದ್ದು ನಾನು."

ಲಾರಿಸ್ಸಾ ಬೆಚ್ಚಿಬಿದ್ದಳು. "ಅಜ್ಜೀ... ನಿನಗೂ ನಾನು ದಪ್ಪ ಅನ್ನಿಸ್ತಾ?"

"ತೂಕ ಯಾರಿಗೆ ಬೇಕಿತ್ತು? ಹುಡುಗ ಲಕ್ಷಣವಾಗಿದ್ದ, ಬೆರಳಲ್ಲಿ ಉಂಗುರ ಇರ್ಲಿಲ್ಲ. ಬಹುಮಾನ ಅಂದ್ರೆ ಅವನೇ ಅಂದ್ಕೊಂಡೆ."

ನೆಲಮಾಳಿಗೆ ನಗುವಿನಿಂದ ತುಂಬಿಹೋಯಿತು. ಈ ಸಲ ಎಲ್ಲರಿಗಿಂತ ಜೋರಾಗಿ ನಕ್ಕವಳು ಲಾರಿಸ್ಸಾ. ನಗುನಗುತ್ತಲೇ ಅಳು ಬಂತು. ತಂಗಿಯನ್ನು ತಬ್ಬಿಕೊಂಡು ತಪ್ಪಾಯಿತು ಎಂದಳು. ದಾರ್ಕಾಳೂ ಟ್ರೈನರ್ ಟ್ರೈನರ್ ಎಂದು ಪೀಡಿಸಿದ್ದಕ್ಕೆ ಕ್ಷಮೆ ಕೇಳಿದಳು.

"ಆಲೂಗಡ್ಡೆ ಮೂಟೆ ಎತ್ತೋಕೆ ಜನ ಬೇಕು ಅಂತ ಅವನಿಗೂ ಹೇಳಿಕಳಿಸಿದೀನಿ" ಎಂದಳು ಅಜ್ಜಿ, ಏನೂ ಆಗದವಳಂತೆ.

ಮೆಟ್ಟಿಲ ಮೇಲೆ ರೆಮಿ ನಿಂತಿದ್ದ. ಹೆಂಗಸರ ಕೈಗಳೆಲ್ಲ ನಿಂತವು. ಅವನು ನೇರ ಲಾರಿಸ್ಸಾಳ ಮುಂದೆ ಬಂದ.

"ಅವತ್ತು ಪೂರ್ತಿ ಹೇಳೋಕೆ ಬಿಡ್ಲಿಲ್ಲ ನೀವು. ತನ್ನ ಹತ್ರ ಕಲಿಯೋಕೆ ಬರೋರನ್ನ ಟ್ರೈನರ್ ಪ್ರೀತಿಸೋ ಹಾಗಿಲ್ಲ. ನಮ್ಮ ಜಿಮ್ಮಿನ ನಿಯಮ. ಈ ಒಂದು ತಿಂಗಳು ಬಾಯಿ ಮುಚ್ಕೊಂಡಿದ್ದೆ. ಇನ್ನೊಂದು ತಿಂಗಳು ನನ್ನ ಕೈಲಿ ಆಗ್ತಿರ್ಲಿಲ್ಲ."

ಲಾರಿಸ್ಸಾಳ ಕಿವಿ ಬಿಸಿಯಾಯಿತು. ಆದರೆ ತಲೆ ತಗ್ಗಲಿಲ್ಲ.

"ಹಾಗಾದ್ರೆ ಕೊಲೀನ್ ಹತ್ರಾನೇ ಸೇರ್ಕೋತೀನಿ. ನನ್ನ ಆರೋಗ್ಯಕ್ಕೆ. ದಾರ್ಕಾ ಮದುವೆಗೆ ಹಾಕ್ಕೊಳ್ಳೋ ಬಿಗಿ ಬಟ್ಟೇನ ದರ್ಜಿ ಹತ್ರ ಸಡಿಲ ಮಾಡಿಸ್ತೀನಿ. ನಿಮಗೋಸ್ಕರ ನಾನೇನೂ ತೆಳ್ಳಗಾಗಲ್ಲ, ಗೊತ್ತಿರ್ಲಿ."

"ಮೊದಲ ದಿನ ನೋಡಿದೆನಲ್ಲ, ಹಾಗೇ ಇರಿ. ನನಗೆ ಅಷ್ಟು ಸಾಕು."

ಅವಳು ಬಗ್ಗಿ ಬಾಗಿಲ ಬಳಿಯ ಆಲೂಗಡ್ಡೆ ಮೂಟೆಯನ್ನು ಎತ್ತಿದಳು. ರೆಮಿ ಅದರ ಇನ್ನೊಂದು ತುದಿಗೆ ಕೈ ಹಾಕಿದ.

"ಭಾರ ಇಲ್ಲ ಅಂತ ಅವತ್ತೇ ಹೇಳಿದ್ನಲ್ಲ" ಎಂದಳು ಲಾರಿಸ್ಸಾ.

"ಗೊತ್ತು. ಭಾರ ಅಂತ ಹಿಡಿದಿಲ್ಲ."

ಅವಳು ಅವನ ಕಣ್ಣನ್ನೇ ನೋಡಿದಳು. ಒಬ್ಬಳೇ ಸಲೀಸಾಗಿ ಹೊರಬಲ್ಲ ಮೂಟೆ ಅದು.

"ಸರಿ, ಹಿಡ್ಕೋ" ಎಂದಳು.