ಧರ್ಮತಾಯಿಗೆ ಆರು ಬನ್ನು

ಹೆಂಡತಿಯ ಮುಂದೆ ಬಸ್ ಚಾರ್ಜಿಗೆ ಕೈಯೊಡ್ಡಿದ ದಿನವೇ ಅರ್ನುಲ್ಫೋ ಕಳ್ಳನಾಗುವುದೆಂದು ತೀರ್ಮಾನಿಸಿದ. ಅವನು ಕದಿಯಲು ಹೊರಟಿದ್ದು ಹಣವನ್ನಲ್ಲ, ಕೆಲಸವನ್ನು.

ವಿನಿಪೆಗ್‌ಗೆ ಬಂದು ಹನ್ನೊಂದು ತಿಂಗಳಾಗಿತ್ತು. ಹೆಂಡತಿ ಮಾರಿವಿಕ್ ಇಲ್ಲಿಯ ಪ್ರಜೆ. ಗಂಡನನ್ನು ಇಲ್ಲೇ ಉಳಿಸಿಕೊಳ್ಳಲು ಸರ್ಕಾರಕ್ಕೆ ಅರ್ಜಿ ಹಾಕಿದ್ದಳು. ಅದು ತೀರ್ಮಾನವಾಗುವ ತನಕ ಅವನು ದುಡಿಯಬೇಕೆಂದರೆ ಬೇರೆ ಪರವಾನಗಿ ಬೇಕು, ಅದಿನ್ನೂ ಬಂದಿರಲಿಲ್ಲ. ಅವಳು ವೃದ್ಧಾಶ್ರಮದ ರಾತ್ರಿಪಾಳಿ ಮುಗಿಸಿ ಕಾಲು ಊದಿಸಿಕೊಂಡು ಬರುತ್ತಿದ್ದಳು. ತನ್ನೂರು ಬತಾಂಗಾಸ್‌ನಲ್ಲಿ ಹದಿನಾಲ್ಕು ವರ್ಷ ಬೇಕರಿ ಒಲೆಯ ಮುಂದೆ ನಿಂತ ಈ ಗಂಡಸು ಅನ್ನ ಮಾಡಿಟ್ಟು ಬಾಗಿಲು ತೆಗೆಯುತ್ತಿದ್ದ.

ಸಾಲದ್ದಕ್ಕೆ ನಿನಾಂಗ್ ಪಾಸಿಂಗ್ ಬೇರೆ. ಅವರ ಮದುವೆಗೆ ನಿನಾಂಗ್, ಅಂದರೆ ಧರ್ಮತಾಯಿಯಾಗಿ ನಿಂತ ಮುದುಕಿ, ಎರಡು ಬೀದಿ ಆಚೆ ಮನೆ. ಒಂದು ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಎಲ್ಲರೆದುರು ಅವನನ್ನು ಹಿಡಿದುಕೊಂಡಳು.

“ಏನ್ ಮಗನೇ, ಕೆನ್ನೆ ತುಂಬ್ಕೊಂಡಿದೆ! ಹೆಂಡ್ತಿ ದುಡಿಮೆ ಮೈಗೆ ಹಿಡೀತು ಅನ್ನು.”

“ಪೇಪರ್ ಬಂದಿಲ್ಲ, ನಿನಾಂಗ್.”

“ಪೇಪರ್ರಂತೆ! ನಾವು ವಿಮಾನ ಇಳಿದ ಮೂರನೇ ದಿನಕ್ಕೆ ಹೊಲಿಗೆ ಮಿಷನ್ ಮುಂದೆ ಕೂತಿದ್ವಿ. ದುಡಿಯೋನಿಗೆ ಯಾವ ಪೇಪರ್ ಅಡ್ಡ ಬರುತ್ತೋ?”

ಎಲ್ಲರೂ ನಕ್ಕರು. ಮಾರಿವಿಕ್ ತನ್ನ ಚಪ್ಪಲಿ ನೋಡುತ್ತ ನಿಂತಳು. ಮುದುಕಿಯ ಮಾತನ್ನು ಅವನು ನುಂಗಿಕೊಂಡಾನು. ಹೆಂಡತಿ ತಲೆ ತಗ್ಗಿಸಿದ್ದನ್ನು ನುಂಗಿಕೊಳ್ಳಲಾಗಲಿಲ್ಲ.

ಉಪಾಯಕ್ಕೆ ಒಂದು ವಾರ ಹಿಡಿಯಿತು. ಇಲ್ಲಿ ಕಾಯಂ ಆಗಿ ನೆಲೆಸಿದ ದೊಡ್ಡಪ್ಪನ ಮಗ ಡಿಂಡೋ ತನ್ನ ಹೆಸರನ್ನೂ ಗುರುತಿನ ಸಂಖ್ಯೆಯನ್ನೂ ಎರವಲು ಕೊಟ್ಟ. “ಹೆಸರು ಕೊಟ್ಟಿದೀನಿ, ಹಂಗೇ ವಾಪಸ್ ಕೊಡು,” ಎಂದಷ್ಟೇ ಹೇಳಿದ. ತಮ್ಮವರೇ ಬನ್ನು ಕೊಳ್ಳುವ ಬೇಕರಿಗೆ ಅರ್ನುಲ್ಫೋ ಬೆಳಗಿನ ಜಾವ ಹಿಂಬಾಗಿಲಿನಿಂದ ಹೋಗುವುದು. ಹಿಟ್ಟು ನಾದಿ, ಬನ್ನು ಬೇಯಿಸಿ, ಹಿಂಬಾಗಿಲಿನಿಂದಲೇ ಬರುವುದು. ಅಂಗಡಿ ತೆರೆಯುವುದು ಏಳಕ್ಕೆ, ಅವನು ಹೊರಬೀಳುವುದು ಆರೂಕಾಲಿಗೆ. ಗಿರಾಕಿಗಳ ಕಣ್ಣಿಗೆ ಬೀಳುವ ಮಾತೇ ಇಲ್ಲ. ಮಾರಿವಿಕ್ ಬರುವುದು ಏಳೂವರೆಗೆ. ಅಷ್ಟರಲ್ಲಿ ಸ್ನಾನ ಮಾಡಿ, ರಾತ್ರಿಯ ಅನ್ನಕ್ಕೆ ಬೆಳ್ಳುಳ್ಳಿ ಜಜ್ಜಿ ಹಾಕಿ ಹುರಿದರೆ ಹಿಟ್ಟಿನ ಹುಳಿವಾಸನೆ ಸತ್ತುಹೋಗುತ್ತಿತ್ತು. ಮೊದಲ ಸಂಬಳ ಊರಲ್ಲಿದ್ದ ಅಮ್ಮನ ಔಷಧಿಗೆ ಹೋಯಿತು. ಆ ಹಣ ಅಣ್ಣ ಕೊಡುತ್ತಿದ್ದಾನೆಂದು ಹೆಂಡತಿಗೆ ಹೇಳಿದ. ಅವಳು ನಂಬಿದಳು. ಅವಳು ನಂಬಿದ್ದಕ್ಕೇ ಅವನಿಗೆ ಅವತ್ತು ಊಟ ಇಳಿಯಲಿಲ್ಲ.

ಮುದುಕಿಯ ಬಾಯಿಗೂ ಬೀಗ ಹಾಕಿದ. ಪ್ರತಿ ಶನಿವಾರ ಮನೆಗೆ ಹೋಗುವ ದಾರಿಯಲ್ಲಿ ಆರು ಬಿಸಿ ಬನ್ನು ಅವಳ ಕೈಗಿಟ್ಟ.

“ಎಲ್ಲಿಂದ ತಂದ್ಯೋ?”

“ಕೊಂಡ್ಕೊಂಡು ಬಂದೆ, ನಿನಾಂಗ್. ಚಳಿ ಅಲ್ವಾ.”

ಅವಳು ಬನ್ನನ್ನು ಕೆನ್ನೆಗೆ ಒತ್ತಿಕೊಂಡು ಅವನನ್ನೇ ನೋಡಿದಳು. ಆಮೇಲೆ ಚರ್ಚಿನ ಮೆಟ್ಟಿಲ ಮೇಲೆ ಚುಚ್ಚುಮಾತು ನಿಂತಿತು. ಆರು ಬನ್ನಿಗೆ ಅಗ್ಗವಾಯಿತು ಎಂದುಕೊಂಡ.

ಐದು ತಿಂಗಳಾದ ಮೇಲೆ ವಲಸೆ ಕಚೇರಿ ಎರಡು ಕಾಗದ ಕೇಳಿತು: ಅವನು ಬಂದಂದಿನಿಂದ ತಿಂಗಳು ತಿಂಗಳು ಏನು ಮಾಡುತ್ತಿದ್ದನೆಂಬ ವಿವರ, ಮತ್ತು ಈ ದಾಂಪತ್ಯ ನಿಜವೆಂದು ಬಲ್ಲವರ ಪತ್ರ. ಸುಳ್ಳು ಬರೆದರೆ ಅರ್ಜಿ ವಜಾ, ಐದು ವರ್ಷ ದೇಶದೊಳಗೆ ಕಾಲಿಡುವಂತಿಲ್ಲ ಎಂದು ಕೆಳಗೇ ಅಚ್ಚಾಗಿತ್ತು. ಪ್ರತಿ ತಿಂಗಳ ಎದುರಿಗೂ ‘ಕೆಲಸವಿಲ್ಲ’ ಎಂದು ಬರೆದ. ಪಕ್ಕದಲ್ಲೇ ಕೂತ ಮಾರಿವಿಕ್ ಅವನ ಬೆನ್ನು ಸವರಿ, “ನಾಚ್ಕೊಬೇಡ ಬಿಡು, ನಮ್ಮ ಟೈಮೂ ಬರುತ್ತೆ,” ಎಂದಳು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಆದರೂ ಸಹಿ ಹಾಕಿದ.

ಮರುದಿನ ಅವಳು ನಿನಾಂಗ್ ಕೈಲಿ ಪತ್ರ ಬರೆಸಿ, ಎರಡೂ ಕಾಗದ ಅಂಚೆಗೆ ಹಾಕಿ ಬಂದಳು.

“ನಿನಾಂಗ್ ಅಳ್ತಾ ಅಳ್ತಾ ಬರೆದ್ರು ಕಣೋ. ನಿನ್ನ ಅಂದಿದ್ದು ತಪ್ಪಾಯ್ತಂತೆ. ಅವರೇ ಲಕೋಟೆಗೆ ಅಂಟು ಹಾಕಿ ಕೊಟ್ರು. ಇದು ನಿಂಗೆ ಅಂತ ಇನ್ನೊಂದು ಪ್ರತಿ. ಜೋರಾಗಿ ಓದು, ನಾನೂ ಕೇಳ್ತೀನಿ.”

ಅವಳು ಊದಿದ ಕಾಲನ್ನು ಬಿಸಿನೀರಲ್ಲಿಟ್ಟು ಕಣ್ಣು ಮುಚ್ಚಿ ಕೂತಳು. ಅವನು ಓದತೊಡಗಿದ: “ಅಧಿಕಾರಿಗಳೇ, ಈ ಹುಡುಗನನ್ನು ನಾನು ಸೋಮಾರಿ ಎಂದು ಹತ್ತು ಜನರೆದುರು ಅವಮಾನ ಮಾಡಿದೆ. ದೇವರು ನನ್ನನ್ನು ಕ್ಷಮಿಸಲಿ. ಹೆಂಡತಿಯ ಭಾರ ಇಳಿಸಲು ಇವನು ಬೆಳಗಿನ ಜಾವ ಎದ್ದು, ಯಾರಿಗೂ ಹೇಳಿಕೊಳ್ಳದೆ ನಮ್ಮ ಬೀದಿಯ ಬೇಕರಿಯಲ್ಲಿ ದುಡಿಯುತ್ತಾನೆ. ಇಂಥ ಗಂಡನ ಮದುವೆ ಸುಳ್ಳಾಗಲು ಸಾಧ್ಯವೇ? ನನಗೆ ಪ್ರತಿ ಶನಿವಾರ ಬನ್ನು ತಂದುಕೊಟ್ಟು, ಕೊಂಡು ತಂದೆ ಎನ್ನುತ್ತಾನೆ, ಸಂಕೋಚದವನು. ಆದರೆ ಆ ಬೇಕರಿ ಬಾಗಿಲು ತೆಗೆಯುವುದು ಏಳಕ್ಕೆ. ಬನ್ನು ನನ್ನ ಕೈ ಸೇರುವುದು ಆರೂವರೆಗೆ, ಬಿಸಿಯಾಗಿ.”