ಹೊಗೆಗಿರಿಯ ತಾಯಿಹಿಡಿ

ಬಹಳ ಹಿಂದೆ, ಬೆಟ್ಟಗಳ ಬೆನ್ನ ಹಿಂದೆ ಹೊಗೆಗಿರಿ ಎಂಬ ರಾಜ್ಯವಿತ್ತು. ಹೆಸರು ಕೇಳಿ ಬೆಂಕಿ ಬಿದ್ದ ಊರು ಅಂದುಕೊಳ್ಳಬೇಡಿ. ಬೆಳಗಾಯಿತೆಂದರೆ ಅಲ್ಲಿ ಮನೆಮನೆಯ ಗೂಡೊಲೆಯಿಂದ ಹೊಗೆ ಏಳುತ್ತಿತ್ತು, ಅಷ್ಟೆ. ಗೂಡೊಲೆ ಎಂದರೆ ಮಣ್ಣಿನಲ್ಲಿ ಕಟ್ಟಿದ, ಮುಂದೆ ಸಣ್ಣ ಬಾಯಿರುವ ಗುಮ್ಮಟ. ಅದರೊಳಗೆ ಹುದುಗು ಬೆರೆಸಿ ಉಬ್ಬಿಸಿದ ಬಿಳಿ ರೊಟ್ಟಿ ಬೇಯುತ್ತಿತ್ತು. ನಾವು ಈಗ ಬ್ರೆಡ್ಡು ಎನ್ನುತ್ತೇವಲ್ಲ, ಅದರ ಮುತ್ತಜ್ಜಿ. ಹೊರಗೆ ಕೆಂಪಗೆ ಗರಿಗರಿ, ಒಳಗೆ ಮಲ್ಲಿಗೆಯ ಬಿಳುಪು. ಒಲೆಯಿಂದ ತೆಗೆದ ಕೂಡಲೇ ಅದರ ಮೈ ಚಟಪಟ ಎನ್ನುತ್ತಿತ್ತು. ರೊಟ್ಟಿ ಮಾತಾಡುವಾಗ ಮನುಷ್ಯರು ನಡುವೆ ಬಾಯಿ ಹಾಕಬಾರದೆಂದು ಮನೆಯವರೆಲ್ಲ ಸುಮ್ಮನೆ ಕೂತು ಕೇಳುತ್ತಿದ್ದರು.

ಇನ್ನೆರಡು ನಡವಳಿಕೆಗಳಿದ್ದವು. ನಾದಿದ ಹಿಟ್ಟನ್ನೆಲ್ಲ ಒಲೆಗೆ ಹಾಕಬಾರದು, ಒಂದು ಹಿಡಿ ಕಿತ್ತು ನಾಳೆಗೆ ಎತ್ತಿಡಬೇಕು. ಮೊಸರಿಗೆ ಹೆಪ್ಪು ಹೇಗೋ, ನಾಳೆಯ ಹಿಟ್ಟಿಗೆ ಆ ಹಿಡಿ ಹಾಗೆ. ಅದಕ್ಕೆ ತಾಯಿಹಿಡಿ ಎಂದು ಹೆಸರು. ಯಾರದಾದರೂ ಕೆಟ್ಟುಹೋದರೆ ಪಕ್ಕದ ಮನೆಯವರು ತಮ್ಮದರಲ್ಲಿ ಕೊಡುತ್ತಿದ್ದರು. ಇನ್ನೊಂದು ನಡವಳಿಕೆ, ದೀಪ ಹಚ್ಚಿದ ಮೇಲೆ ಯಾರು ಕೇಳಿದರೂ ತಾಯಿಹಿಡಿ ಕೊಡಬಾರದು, ಅದರ ಜೊತೆಗೇ ಮನೆಯ ಲಕ್ಷ್ಮಿ ಹೊರಟುಬಿಡುತ್ತಾಳೆ ಎಂಬುದು. ಮೊದಲನೆಯದು ಊರನ್ನು ಉಳಿಸಿತು, ಎರಡನೆಯದು ಕೆಡಿಸಿತು. ಹೇಗೆ ಅಂತೀರೋ, ಕೇಳಿ.

ಬೆಟ್ಟದ ತುದಿಯ ಗುಹೆಯಲ್ಲಿ ತಂಗಳಜ್ಜಿ ಎಂಬ ಮುದುಕಿ ಇದ್ದಳು. ಅವಳಿಗೆ ಮಾಯೆ ಗೊತ್ತಿತ್ತು, ಎತ್ತಿಡುವುದು ಮಾತ್ರ ಗೊತ್ತಿರಲಿಲ್ಲ. ಹಸಿವಿಗೆ ಇದ್ದ ಹಿಟ್ಟನ್ನೆಲ್ಲ ಸುಟ್ಟು ತಿಂದುಬಿಟ್ಟಳು. ತಾಯಿಹಿಡಿ ಕೇಳಲು ಊರಿಗೆ ಇಳಿದಳು. ಮುದಿ ಕಾಲು, ಇಳಿಯುವಷ್ಟರಲ್ಲಿ ಊರಲ್ಲಿ ದೀಪ ಹಚ್ಚಿಯಾಗಿತ್ತು. ಎಲ್ಲರೂ ನಾಳೆ ಬಾ ಎಂದರು. ಮರುದಿನವೂ ಅದೇ ಹೊತ್ತಾಯಿತು, ಅದೇ ಮಾತಾಯಿತು. ಕೊನೆಗೆ ಜನ ಬೇಸತ್ತು ಬಾಗಿಲ ಮೇಲೇ ಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆದರು. ಬಾಯಿ ಸವೆಸುವ ಕೆಲಸ ತಪ್ಪಿತಲ್ಲ!

ಬೀದಿಯ ಕೊನೆಯ ಮನೆಯಲ್ಲಿ ಪುಟ್ಟೀರಮ್ಮ ಎಂಬ ಹೆಂಗಸು ತಾಯಿತಂದೆಯಿಲ್ಲದ ತಂಗಿ ದೇವೀರಿಯನ್ನು ಸಾಕಿಕೊಂಡಿದ್ದಳು. ಒಂದು ಸಂಜೆ ಮುದುಕಿ ಅಲ್ಲಿಯೂ ಕೈಯೊಡ್ಡಿದಳು.

"ಒಂದ್ ಹಿಡಿ ಕೊಡವ್ವ. ಕೈಯೆಲ್ಲ ತಣ್ಣಗಾಗೋಗದೆ."

"ದೀಪ ಹಚ್ಚಾಯ್ತಲ್ಲಜ್ಜಿ. ನಾಳೆ ಹಗಲೊತ್ತು ಬಾ, ಹಿಡಿಯೇನು, ಬೊಗಸೇನೇ ಕೊಡ್ತೀನಿ."

"ನನ್ ಕಾಲಿಗೆ ಹಗಲು ಸಾಲ್ದು ಕಣವ್ವ."

ಪುಟ್ಟೀರಮ್ಮನಿಗೆ ಕರುಳು ಚುರುಕ್ಕೆಂದಿತು. ಆದರೂ ಬಾಗಿಲು ಮುಂದೆ ಮಾಡಿದಳು.

ಮುದುಕಿ ಬೀದಿಯ ನಡುವೆ ನಿಂತಳು. "ನಂಗಿಲ್ಲದ್ದು ನಿಮಗೂ ಬ್ಯಾಡ" ಎಂದು ಉದ್ದಕ್ಕೆ ಒಂದು ಉಸಿರೆಳೆದಳು. ನಾಡಿನ ಉಬ್ಬೆಲ್ಲ, ಅಂದರೆ ಉಬ್ಬಿ ಮೇಲೇಳುವ ಶಕ್ತಿಯೆಲ್ಲ, ಅವಳ ಕಂಕುಳಲ್ಲಿದ್ದ ಗಡಿಗೆಗೆ ಸೇರಿಹೋಯಿತು.

ಅಂದಿನಿಂದ ಹಿಟ್ಟು ಉಬ್ಬಲಿಲ್ಲ, ಹಾಲು ಉಕ್ಕಲಿಲ್ಲ, ಹೊಗೆ ಕೂಡ ಒಲೆಯ ಬಾಯಲ್ಲೇ ತೆವಳಿತು. ಮೋಡ ಇಳಿದು ಮಾಡಿನ ಮೇಲೆ ಕೂತಿತು. ಆಮೇಲೆ ಮನುಷ್ಯರ ಸರದಿ. ಮಲಗಿದವರು ಏಳಲಾರದೆ ಹೋದರು. ಚಳಿ ಪಾದದಿಂದ ಮೇಲೇರುತ್ತ ಬಂದು, ಎದೆ ಮುಟ್ಟಿದರೆ ಮನುಷ್ಯ ಕಲ್ಲಾಗುತ್ತಿದ್ದ. ಮಹಾರಾಜರು ಹಾಸಿಗೆಯಲ್ಲಿ ಮಲಗಿಕೊಂಡೇ "ಪ್ರಜೆಗಳೆಲ್ಲ ತಕ್ಷಣ ಏಳತಕ್ಕದ್ದು" ಎಂದು ಅಪ್ಪಣೆ ಹೊರಡಿಸಿದರು. ಡಂಗುರ ಸಾರುವವನೂ ಮಲಗಿದ್ದ.

ಹಳೆಯ ರೊಟ್ಟಿಯ ಕೊನೆಯ ತುಂಡನ್ನು ಪುಟ್ಟೀರಮ್ಮ ತಂಗಿಗೆ ಕೊಟ್ಟಳು. "ನೀ ತಿನ್ನೇ, ನಂಗೆ ಹಸಿವಿಲ್ಲ." ಅದು ಸುಳ್ಳು. ತಿಂದ ದೇವೀರಿ ನಿಂತೇ ಇದ್ದಳು, ಕೊಟ್ಟ ಅಕ್ಕ ಮಲಗಿಬಿಟ್ಟಳು. ಚಳಿ ಅಕ್ಕನ ಮೊಣಕಾಲು ದಾಟಿದ ದಿನ ದೇವೀರಿ ಬೆಟ್ಟ ಹತ್ತಿದಳು.

ಗುಹೆಯ ಸುತ್ತ ಕಲ್ಲಾದ ಜನರಿದ್ದರು. ಅವಳಿಗಿಂತ ಮುಂಚೆ ಬಂದು ಸೋತವರು. ಒಳಗೆ ತಂಗಳಜ್ಜಿ ಗಡಿಗೆ ತಬ್ಬಿಕೊಂಡು ಕೂತಿದ್ದಳು. ನಾಡಿನ ಉಬ್ಬೆಲ್ಲ ಅವಳ ಹತ್ತಿರವಿದ್ದರೂ ಆ ತಣ್ಣನೆಯ ಕೈಯಲ್ಲಿ ಒಂದು ರೊಟ್ಟಿಯೂ ಏಳುತ್ತಿರಲಿಲ್ಲ.

"ರೊಟ್ಟಿ ಸುಟ್ಟುಕೊಡು. ನಾ ತಿಂದು ಉಳಿದದ್ದೆಲ್ಲ ನಿಂದು, ನಾಡಿನ ಉಬ್ಬೂ ಅದ್ರ ಜೊತೆಗೆ. ಕೆಡಿಸಿದ್ಯೋ, ಆ ಸಾಲಲ್ಲಿ ಹೋಗಿ ನಿಂತ್ಕೋ" ಎಂದಳು ಮುದುಕಿ.

"ಮಾತು ತಪ್ಪಿದ್ರೆ?"

"ತಪ್ಪಿದ್ರೆ ನನ್ ಮಾಯೆ ನನಗೇ ಸುತ್ಕೊಳ್ಲಿ." ಒಂದು ತುಣುಕೂ ಉಳಿಸಬಾರದೆಂದು ಅವಳು ಆಗಲೇ ತೀರ್ಮಾನಿಸಿದ್ದಳು.

ದೇವೀರಿ ಬಿಳಿ ಗೋಧಿಹಿಟ್ಟು ಜರಡಿ ಹಿಡಿದಳು, ಉಪ್ಪು ಹಾಕಿದಳು, ಬೆರಳು ಅದ್ದಿ ಬೆಚ್ಚಗಿದೆಯೇ ಎಂದು ನೋಡಿ ನೀರು ಹಾಕಿದಳು. ಮುದುಕಿ ಗಡಿಗೆಯನ್ನು ತಳ ಕಾಣುವಂತೆ ಬೋರಲು ಹಾಕಿ ಉಬ್ಬನ್ನೆಲ್ಲ ಆ ಹಿಟ್ಟಿಗೆ ಸುರಿದಳು. ಎತ್ತಿಡುವ ಬುದ್ಧಿ ಎಂದೂ ಇಲ್ಲದವಳಲ್ಲವೇ. ದೇವೀರಿ ತೋಳು ಸೋಲುವವರೆಗೆ ನಾದಿದಳು. ಹಿಟ್ಟು ಕಿವಿಯ ಹಾಲೆಯಷ್ಟು ಮೆತ್ತಗಾಯಿತು. ಹರಿವಾಣಕ್ಕೆ ಹಾಕಿ ಒದ್ದೆ ಬಟ್ಟೆ ಮುಚ್ಚಿದಳು.

ರೊಟ್ಟಿ ಬೇಕಿದ್ದರೂ ಹುಡುಗಿ ಗೆಲ್ಲುವುದು ಮುದುಕಿಗೆ ಬೇಕಿರಲಿಲ್ಲ. ಆಗ ಅವಳ ಮಾಯೆಯಿಂದ ಮಂಜಿನ ಕರಡಿ ಬಂತು. ಅದು ಉಸಿರು ಬಿಟ್ಟಲ್ಲೆಲ್ಲ ಚಳಿ ಕವಿಯಿತು, ಹಿಟ್ಟು ಮುದುಡಿತು. ದೇವೀರಿ ಹರಿವಾಣವನ್ನು ಮಡಿಲಿಗೆಳೆದುಕೊಂಡು, ಸೆರಗು ಹೊದಿಸಿ, ಹಸುಗೂಸಿನ ಹಾಗೆ ಹೊಟ್ಟೆಗೆ ಅವುಚಿಕೊಂಡಳು. ಕರಡಿ ಬೆನ್ನ ಮೇಲೆ ಉಸಿರು ಬಿಟ್ಟಿತು. ಬೆನ್ನು ಮರಗಟ್ಟಿತು, ಹೊಟ್ಟೆ ಬೆಚ್ಚಗೇ ಇತ್ತು. ಹಿಟ್ಟು ಮೆಲ್ಲಗೆ ಮಿಸುಕಾಡಿದ್ದು ಅವಳಿಗೆ ತಿಳಿಯಿತು. ಬೆಚ್ಚನೆಯ ಜಾಗದಲ್ಲಿ ನಿಲ್ಲಲಾರದೆ ಕರಡಿ ಕರಗಿಹೋಯಿತು.

ಆಮೇಲೆ ಕಬ್ಬಿಣದ ಕೊಕ್ಕಿನ ಗಿಳಿ ಬಂತು. ಅದು ಪುಟ್ಟೀರಮ್ಮನ ದನಿಯಲ್ಲಿ ಅತ್ತಿತು. "ದೇವೀ, ಚಳಿ ಎದೆಗೆ ಬಂತು ಕಣೇ. ಉಬ್ಬಿದಷ್ಟು ಸಾಕು, ಬೇಗ ಒಲೆಗೆ ಹಾಕೇ."

ದೇವೀರಿಯ ಕೈ ಬಟ್ಟೆಯ ಅಂಚಿನವರೆಗೂ ಹೋಯಿತು. ಕಣ್ಣೀರು ಧಾರೆಯಾಗಿ ಇಳಿಯಿತು. ಆದರೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ನೀ ನಮ್ಮಕ್ಕ ಅಲ್ಲ. ನಮ್ಮಕ್ಕ ಸಾಯ್ತಾ ಇದ್ರೂ ಹಿಟ್ಟಿಗೆ ಅವಸರ ಮಾಡು ಅನ್ನೋಳಲ್ಲ."

ಗಿಳಿಯ ಕೊಕ್ಕು ತುಕ್ಕು ಹಿಡಿದು ಉದುರಿತು. ಹಿಟ್ಟು ಉಬ್ಬಿ ಬಟ್ಟೆಯನ್ನು ಎತ್ತುವವರೆಗೂ ಅವಳು ಕಾದಳು. ಉಬ್ಬಿದ ಹಿಟ್ಟನ್ನು ಅದುಮಿ, ಉಂಡೆ ಕಟ್ಟಿದಳು. ಕಟ್ಟುವ ಮುಂಚೆ ಅವಳ ಕೈ ತನ್ನಷ್ಟಕ್ಕೆ ತಾನೇ ಒಂದು ಹಿಡಿ ಕಿತ್ತು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿತು. ಯೋಚಿಸಿ ಮಾಡಿದ್ದಲ್ಲ. ಹುಟ್ಟಿದಾಗಿನಿಂದ ಅಕ್ಕ ಮಾಡುವುದನ್ನು ನೋಡಿದ ಕೈ ಅದು.

ಉಂಡೆ ಇನ್ನೊಮ್ಮೆ ಉಬ್ಬಿತು. ಅದರ ನೆತ್ತಿಯ ಮೇಲೆ ಕತ್ತಿಯಿಂದ ಗೀರು ಹಾಕಿ, ಕಾದ ಗೂಡೊಲೆಗೆ ತಳ್ಳಿದಳು. ಒಲೆಯೊಳಗೆ ಬೆಂಕಿಹಾವು ಸುರುಳಿ ಸುತ್ತಿತ್ತು. ಅದು ಒಳಗಿನ ತೇವವನ್ನೆಲ್ಲ ನೆಕ್ಕಿ ಹೀರಿತು. ಒಣಗಿದ ಒಲೆಯಲ್ಲಿ ರೊಟ್ಟಿಯ ಮೈ ಉಬ್ಬುವ ಮುಂಚೆಯೇ ಗಟ್ಟಿಯಾಗುತ್ತದೆ. ನೀರಿನ ಕೊಡವನ್ನು ತಂಗಳಜ್ಜಿ ಆಗಲೇ ಉರುಳಿಸಿದ್ದಳು. ದೇವೀರಿ ಹಿಟ್ಟಿಗೆ ಮುಚ್ಚಿದ್ದ ಒದ್ದೆ ಬಟ್ಟೆಯನ್ನು ಒಲೆಯ ಕಾದ ಕಲ್ಲಿನ ಮೇಲೆ ಹಿಂಡಿದಳು. ಚುಂಯ್ ಎಂದು ಹಬೆ ಎದ್ದಿತು. ಹಬೆ ತಗುಲಿದ ಹಾವು ಬೂದಿಯಾಯಿತು. ರೊಟ್ಟಿ ಗೀರು ಬಿರಿದು ಮೇಲೆದ್ದಿತು.

ಹೊರತೆಗೆದು ತಳ ತಟ್ಟಿದಳು. ಟೊಳ್ಳು ಸದ್ದು ಬಂತು. ಬೆಂದಿದೆ. ರೊಟ್ಟಿ ಚಟಪಟ ಎನ್ನತೊಡಗಿತು.

ಅದರ ಮಾತು ಮುಗಿಯುವುದಕ್ಕೂ ಮುದುಕಿ ಬಿಡಲಿಲ್ಲ. ಬಾಯಿ ಸುಟ್ಟುಕೊಳ್ಳುತ್ತ ಹರಿದು ಹರಿದು ನುಂಗಿದಳು. ಬಿದ್ದ ಚೂರುಗಳನ್ನು ಬೆರಳಿಗಂಟಿಸಿ ನೆಕ್ಕಿದಳು. ಆಮೇಲೆ ನಕ್ಕಳು.

"ಏನ್ ಉಳೀತೇ ನಿಂಗೆ?"

ದೇವೀರಿಗೆ ಅಕ್ಕನ ಮುಖ ಕಣ್ಣ ಮುಂದೆ ಬಂತು. ಆಗ ಸೊಂಟದ ಹತ್ತಿರ ಏನೋ ಬೆಚ್ಚಗೆ ಒತ್ತಿದಂತಾಯಿತು. ಗಂಟು ಬಿಚ್ಚಿದಳು. ಹಿಡಿಯಷ್ಟಿದ್ದ ಹಿಟ್ಟು ಎರಡು ಹಿಡಿಯಾಗಿತ್ತು.

"ಇದು ಉಳೀತು ಅಜ್ಜಿ. ತಾಯಿಹಿಡಿ."

ಮಾತು ಮಾತೇ. ಮುದುಕಿಯ ಮಾಯೆ ಬಿಚ್ಚಿಕೊಂಡಿತು, ಗಡಿಗೆ ಒಡೆಯಿತು. ನೆಲದ ಮೇಲೆ ಉಳಿದವಳು ಬರಿಯ ಒಂದು ನಡುಗುವ ಜೀವ. ಹೊರಗೆ ಸಂಜೆಯಾಗಿತ್ತು, ಗುಹೆಯ ಹಣತೆ ಹತ್ತಿಕೊಂಡಿತ್ತು.

"ಒಂದ್ ಹಿಡಿ ಕೊಡವ್ವ" ಎಂದಳು. ಅದೇ ಮಾತು, ಅದೇ ಕೈ.

ದೇವೀರಿಗೆ ಸಿಟ್ಟು ನೆತ್ತಿಗೇರಿತು. ಇವಳಿಂದಲೇ ಅಲ್ಲವೇ ಅಕ್ಕ ಮಲಗಿದ್ದು, ಇಷ್ಟು ಜನ ಕಲ್ಲಾಗಿದ್ದು? ಕೊಡಬಾರದು ಅನ್ನಿಸಿತು. ಇನ್ನೇನು, ನಾಳೆ ಬಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದರ ರುಚಿ ಅವಳಿಗೇ ಕಹಿಯಾಯಿತು.

ಹಿಟ್ಟನ್ನು ಮುರಿದು ಅರ್ಧ ಕೊಟ್ಟಳು. "ನಿನ್ನ ಕ್ಷಮಿಸಿಲ್ಲ. ಆದ್ರೂ ತಗೋ. ಎಲ್ಲಾನೂ ಸುಟ್ಟು ತಿನ್ಬೇಡ, ಎತ್ತಿಡು."

ಹಿಟ್ಟು ಹಿಡಿದ ಮುದುಕಿಯ ಕೈ ಬೆಚ್ಚಗಾಯಿತು. ಅವಳು ಗಟ್ಟಿಯಾಗಿ ಅತ್ತಳು. ಗುಹೆಯ ಸುತ್ತ ನಿಂತ ಕಲ್ಲುಗಳಲ್ಲಿ ಕೆಲವು ಕಣ್ಣು ಬಿಟ್ಟವು. ಎದೆಯ ಒಳಗೂ ಕಲ್ಲಾಗಿಹೋದವರು ಮಾತ್ರ ಕಣ್ಣು ಬಿಡಲಿಲ್ಲ.

ಬೆಳಗಿನ ಹೊತ್ತಿಗೆ ಬೀದಿಯ ಕೊನೆಯ ಮನೆಯ ಗೂಡೊಲೆ ಉರಿಯಿತು. ದೇವೀರಿ ರೊಟ್ಟಿಯನ್ನು ಅಕ್ಕನ ಕಿವಿಯ ಹತ್ತಿರ ಇಟ್ಟಳು. ಚಟಪಟ, ಚಟಪಟ. ಪುಟ್ಟೀರಮ್ಮನ ರೆಪ್ಪೆ ಅದುರಿತು.

ಬಿಸಿಗೆ ತುಂಡು ಮಾಡಲು ಹೋದ ತಂಗಿಗೆ "ತಡಿಯೇ, ಅದಿನ್ನೂ ಮಾತಾಡ್ತಾ ಅದೆ" ಎಂದು ಗದರಿ, ಎದ್ದು ಕೂತಳು.

ತಾಯಿಹಿಡಿ ಮನೆಯಿಂದ ಮನೆಗೆ ಹೋಯಿತು. ಹೊಗೆ ಎದ್ದಿತು, ಮೋಡ ಎದ್ದಿತು, ಮಹಾರಾಜರೂ ಎದ್ದು ಎಲ್ಲ ತಮ್ಮ ಅಪ್ಪಣೆಯಿಂದಲೇ ಆಯಿತೆಂದರು. ಏಳದವರ ಮುಂದೆ ಮನೆಯವರು ದಿನವೂ ಒಂದು ತುಂಡು ಇಡುತ್ತಿದ್ದರು. ಪುಟ್ಟೀರಮ್ಮನ ಎಡಗಾಲ ಪಾದ ಕೊನೆಯವರೆಗೂ ತಣ್ಣಗೇ ಇತ್ತು. ಆ ಕಾಲನ್ನು ಎಳೆಯುತ್ತ ಅವಳೇ ಮೊದಲು ಬಾಗಿಲ ಮೇಲಿನ ಸುಣ್ಣದ ಬರಹವನ್ನು ಒರೆಸಿದಳು.

ಹೊಗೆಗಿರಿಯವರು ಸುಖವಾಗಿ ಬಾಳಿದರು, ಕಳೆದುಕೊಂಡವರು ಬಾಳುವಷ್ಟು ಸುಖವಾಗಿ. ಅಲ್ಲಿ ಈಗಲೂ ದೀಪ ಹಚ್ಚಿದ ಮೇಲೆ ಯಾರಾದರೂ ಬಾಗಿಲು ತಟ್ಟಿದರೆ ಯಾರೆಂದು ಕೇಳುವುದಿಲ್ಲ. ಮೊದಲು ಹಿಟ್ಟಿನ ಪಾತ್ರೆಗೆ ಕೈ ಹಾಕಿ, ಆಮೇಲೆ ಬಾಗಿಲು ತೆಗೆಯುತ್ತಾರೆ.